ದೂರವಾಣಿಯಲ್ಲಿ ಆಪ್ತಸಮಾಲೋಚನೆ: ಗಡಿಯ ಹಳ್ಳಿಗಳಿಗೆ ತಲುಪುವ ಬಗೆ

ದೂರ ಆಪ್ತಸಮಾಲೋಚನೆ ಎಂದರೆ, ತರಬೇತಿ ಮತ್ತು ನೋಂದಣಿ ಇರುವ ಮನಃಶಾಸ್ತ್ರಜ್ಞರೋ ಆಪ್ತಸಮಾಲೋಚಕರೋ ಒಂದು ಊರಿನಲ್ಲಿ ಕುಳಿತು, ಇನ್ನೊಂದು ಊರಿನಲ್ಲಿ ಸಂಕಟಪಡುತ್ತಿರುವವರ ಜೊತೆ ಫೋನಿನಲ್ಲಿ ಅಥವಾ ವಿಡಿಯೋ ಕರೆಯಲ್ಲಿ ಮಾತನಾಡಿ ನೆರವಾಗುವ ಕ್ರಮ. ಇದು ಹಿರಿಯರು ಹೇಳುವ ಬುದ್ಧಿಮಾತಲ್ಲ, ಗೆಳೆಯರು ಹೇಳುವ ಸಮಾಧಾನವೂ ಅಲ್ಲ. ಅವೆರಡಕ್ಕೂ ಬದುಕಿನಲ್ಲಿ ಅವುಗಳದೇ ಬೆಲೆಯಿದೆ. ಆಪ್ತಸಮಾಲೋಚಕರ ಕೆಲಸ ಬೇರೆ. ಎದುರಿನವರ ಮಾತಿಗೆ ತೀರ್ಪು ಕೊಡದೆ ಕೇಳಬೇಕು. ಸಂಕಟ ಎಷ್ಟು ದಿನದಿಂದ ಇದೆ, ಎಷ್ಟು ಆಳಕ್ಕೆ ಇಳಿದಿದೆ, ಪ್ರಾಣಕ್ಕೆ ಅಪಾಯವಿದೆಯೇ ಎಂದು ಕ್ರಮವಾಗಿ ವಿಚಾರಿಸಬೇಕು. ಹೊರಬರುವ ದಾರಿಯನ್ನು ಅವರೊಡನೆ ಕೂಡಿಯೇ ಹುಡುಕಬೇಕು. ಔಷಧ ಬೇಕಾದ ಸ್ಥಿತಿ ಕಂಡರೆ ಮನೋವೈದ್ಯರ ಬಳಿಗೆ ಕಳಿಸಬೇಕು. ಔಷಧ ಬರೆಯುವ ಅಧಿಕಾರ ವೈದ್ಯರದು, ಆಪ್ತಸಮಾಲೋಚಕರದಲ್ಲ.

ಈ ಸೇವೆ ನಗರದ ಅನುಕೂಲವೆಂದು ಬಹಳ ಜನರ ಎಣಿಕೆ. ವಾಸ್ತವದಲ್ಲಿ ಇದರ ನಿಜವಾದ ಅಗತ್ಯ ಇರುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಶೇಗಾಂವದಂಥ ಊರುಗಳಲ್ಲಿ. ಶೇಗಾಂವವೆಂದೊಡನೆ ಬುಲಢಾಣಾ ಜಿಲ್ಲೆಯ ಗಜಾನನ ಮಹಾರಾಜರ ಕ್ಷೇತ್ರ ನೆನಪಾಗಬಹುದು. ಇದು ಬೇರೆ ಊರು. ಜತ್ತ ಹಿಂದೆ ಡಫಳೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ, ಕೊನೆಗೆ ಸಾಂಗ್ಲಿ ಜಿಲ್ಲೆಯ ಪೂರ್ವದ ತುದಿಯಾಗಿ ಉಳಿಯಿತು. ಮಳೆ ಕಡಿಮೆಯ ಸೀಮೆ. ಉಮದಿ, ಸಂಖ, ಗುಡ್ಡಾಪುರದ ಕಡೆ ಕನ್ನಡವೇ ಮನೆಮಾತು. ತಾಲ್ಲೂಕಿನ ಉಳಿದ ಭಾಗದಲ್ಲಿ ಮರಾಠಿ ಕನ್ನಡ ಎರಡೂ ಬೆರೆತು ನಡೆಯುತ್ತವೆ. ಶಾಲೆ, ಕಚೇರಿ, ಆಸ್ಪತ್ರೆಯ ಕಾಗದಪತ್ರ ಬಹುಮಟ್ಟಿಗೆ ಮರಾಠಿಯಲ್ಲಿ. ಕಚೇರಿಯ ವ್ಯವಹಾರಕ್ಕೆ ಜನರಿಗೆ ಬರುವಷ್ಟು ಮರಾಠಿ ಸಾಕಾಗುತ್ತದೆ. ಮನಸ್ಸಿನ ನೋವನ್ನು ಹೇಳಿಕೊಳ್ಳುವುದಕ್ಕೆ ಕಚೇರಿಯ ಭಾಷೆ ಸಾಲದು.

ಇಲ್ಲಿಂದ ಮನೋವೈದ್ಯರನ್ನು ಕಾಣಬೇಕಾದರೆ ಸಾಂಗ್ಲಿ ಅಥವಾ ಮಿರಜಕ್ಕೆ ಹೋಗಬೇಕು. ಜತ್ತದಿಂದಲೇ ಅದು ಎಂಬತ್ತು ಕಿಲೋಮೀಟರ್ ಆಸುಪಾಸಿನ ಹಾದಿ. ಪೂರ್ವದ ಹಳ್ಳಿಗಳಿಗೆ ಗಡಿಯಾಚೆಯ ವಿಜಯಪುರವೇ ಹತ್ತಿರ; ಅಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಕನ್ನಡ ಮಾತನಾಡುವ ವೈದ್ಯರೂ ಇದ್ದಾರೆ. ಮಹಾರಾಷ್ಟ್ರ ಸರ್ಕಾರದ ಪ್ರಾದೇಶಿಕ ಮನೋರೋಗ ಆಸ್ಪತ್ರೆಗಳು ಪುಣೆಯ ಯೆರವಡಾ, ಠಾಣೆ, ನಾಗಪುರ ಮತ್ತು ರತ್ನಾಗಿರಿಯಲ್ಲಿವೆ. ಜತ್ತದ ಕನ್ನಡಿಗರಿಗೆ ಯೆರವಡಾಕ್ಕಿಂತ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಮನಸ್ಸಿಗೆ ಹತ್ತಿರ. ಎಲ್ಲಿಗೆ ಹೋದರೂ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಹೆಣ್ಣುಮಗಳಾದರೆ ಎಲ್ಲಿಗೆ, ಏಕೆ ಎಂದು ಮನೆಯಲ್ಲಿ ಉತ್ತರ ಹೇಳಬೇಕು. ಮನಸ್ಸಿನ ಚಿಕಿತ್ಸೆ ಒಂದು ಸಲದಲ್ಲಿ ಮುಗಿಯುವುದಲ್ಲ. ಆರೆಂಟು ಸಲ ಹೋಗಬೇಕಾದ ಚಿಕಿತ್ಸೆಯನ್ನು ಎರಡನೆಯ ಸಲಕ್ಕೇ ಕೈಬಿಡುವವರೇ ಹೆಚ್ಚು. ಇದನ್ನು ಜನರ ಅಜ್ಞಾನವೆಂದು ಬಗೆಯುವುದು ಅನ್ಯಾಯ. ಬಸ್ಸಿನ ವೇಳೆ, ಕೂಲಿಯ ಲೆಕ್ಕ ಮತ್ತು ಭಾಷೆ ಮೂರೂ ಸೇರಿ ಅವರನ್ನು ಹಿಂದಕ್ಕೆ ಎಳೆಯುತ್ತವೆ.

ಅಗತ್ಯ ಎಷ್ಟು ದೊಡ್ಡದು ಎಂಬುದಕ್ಕೆ ಗಟ್ಟಿ ಅಂಕಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಸಮೀಕ್ಷೆಯ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೊಂದರೆಯ ಬಗೆಯನ್ನು ಅನುಸರಿಸಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಅತಿ ಹೆಚ್ಚು ಸಾವು ಮಹಾರಾಷ್ಟ್ರದಲ್ಲಿ: 22,746. ಅದೇ ವರ್ಷ ಕೃಷಿಯನ್ನೇ ನಂಬಿದವರ ಆತ್ಮಹತ್ಯೆ ದೇಶದಲ್ಲಿ 11,290. ಅದರಲ್ಲಿಯೂ ಮೊದಲ ಸ್ಥಾನ ಮಹಾರಾಷ್ಟ್ರದ್ದು, ಎರಡನೆಯದು ಕರ್ನಾಟಕದ್ದು. ಜತ್ತ ತಾಲ್ಲೂಕು ಈ ಎರಡು ರಾಜ್ಯಗಳು ಕೂಡುವಲ್ಲಿದೆ. ರೈತರ ಸಂಕಟಕ್ಕೆ ಮಹಾರಾಷ್ಟ್ರ ಸರ್ಕಾರ ‘ಪ್ರೇರಣಾ ಪ್ರಕಲ್ಪ’ವೆಂಬ ಆಪ್ತಸಮಾಲೋಚನೆಯ ಯೋಜನೆ ರೂಪಿಸಿದಾಗ ವಿದರ್ಭ ಮತ್ತು ಮರಾಠವಾಡದ 14 ಜಿಲ್ಲೆಗಳನ್ನು ಆರಿಸಿಕೊಂಡಿತು; ಸಾಂಗ್ಲಿ ಅದರಲ್ಲಿ ಸೇರಲಿಲ್ಲ. ಸಾಂಗ್ಲಿಯನ್ನು ಸಕ್ಕರೆಯ, ದ್ರಾಕ್ಷಿಯ ಶ್ರೀಮಂತ ಜಿಲ್ಲೆಯೆಂದೇ ಹೊರಗಿನವರು ಎಣಿಸುತ್ತಾರೆ. ಕೃಷ್ಣೆಯ ದಂಡೆಯ ಊರುಗಳ ಸಿರಿಯ ಲೆಕ್ಕದಲ್ಲಿ ಜತ್ತದ ಬರ ಮರೆಯಾಗುತ್ತದೆ.

ಮಾತಿನಿಂದ ಪ್ರಾಣ ಉಳಿಸುವ ದೂರವಾಣಿ ಸೇವೆ ಹೊಸದಲ್ಲ. ಲಂಡನ್ನಿನ ಪಾದ್ರಿ ಚ್ಯಾಡ್ ವಾರಾ 1953ರಲ್ಲಿ ಸಮಾರಿಟನ್ಸ್ ಸಂಸ್ಥೆಯನ್ನು ಆರಂಭಿಸಿದರು. ಭಾರತದಲ್ಲಿ ಚೆನ್ನೈಯ ‘ಸ್ನೇಹಾ’ 1986ರಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರಿಂದ ಶುರುವಾಯಿತು. ಹಳ್ಳಿಯ ಬಾಗಿಲಿಗೆ ಮಾನಸಿಕ ಆರೋಗ್ಯವನ್ನು ಒಯ್ಯುವ ಕೆಲಸದಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ನಿಮ್ಹಾನ್ಸ್ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ರೋಗಿಗಳನ್ನು ಊರಿನಲ್ಲೇ ನೋಡಿಕೊಳ್ಳಬಹುದು ಎಂದು ತೋರಿಸಿತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಗೆ ಬಂತು. ಸಾಂಗ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಇಂದು ಸಿಗುವ ಸೇವೆಯ ಬೇರು ಹುಡುಕಿದರೆ ಬಳ್ಳಾರಿಗೇ ಹೋಗಿ ಮುಟ್ಟುತ್ತದೆ. ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಸರಳವಾಗಿ ಮಾತನಾಡಬಹುದೆಂದು ಜನರಿಗೆ ರೂಢಿ ಮಾಡಿಸಿದವರು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್. ಅವರ ನೂರಾರು ಪುಸ್ತಕಗಳು, ಅಂಕಣಗಳು ಈ ವಿಷಯದ ಮೇಲಿದ್ದ ಹೆದರಿಕೆಯನ್ನು ಕಡಿಮೆ ಮಾಡಿವೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ದೂರ ಆಪ್ತಸಮಾಲೋಚನೆಗೆ ಈಗಿನ ರೂಪ ಕೊಟ್ಟದ್ದು ಕೊರೋನಾ ಕಾಲ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ದೂರವೈದ್ಯಕೀಯದ ನಿಯಮಾವಳಿಯನ್ನು ಹೊರಡಿಸಿತು. ನೋಂದಾಯಿತ ವೈದ್ಯರು ದೇಶದ ಯಾವ ಭಾಗದ ರೋಗಿಯನ್ನಾದರೂ ಫೋನು, ವಿಡಿಯೋ ಮೂಲಕ ನೋಡಬಹುದು ಎಂದು ಅದು ಸ್ಪಷ್ಟಪಡಿಸಿತು. ಅದೇ ವರ್ಷ ದೂರ ಮನೋವೈದ್ಯಕೀಯಕ್ಕೂ, ದೂರ ಮನೋಚಿಕಿತ್ಸೆಗೂ ನಿಮ್ಹಾನ್ಸ್ ತಜ್ಞರು ಮಾರ್ಗಸೂಚಿ ಸಿದ್ಧಪಡಿಸಿದರು. 2022ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಣೆಯಾದ ‘ಟೆಲಿ ಮಾನಸ್’ ಸಹಾಯವಾಣಿ ಆ ವರ್ಷದ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಬೆಂಗಳೂರಿನಲ್ಲಿ ಉದ್ಘಾಟನೆಯಾಯಿತು. ಅದರ ಸಂಖ್ಯೆ 14416. ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ತಾಂತ್ರಿಕ ನೆರವು ಕೊಟ್ಟಿದೆ. ಇಪ್ಪತ್ತು ಭಾಷೆಗಳಲ್ಲಿ ಸೇವೆಯಿದೆ. ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅವರಿಂದ ಬಗೆಹರಿಯದಿದ್ದರೆ ಕರೆ ತಜ್ಞರ ಕಡೆಗೆ ಹೋಗುತ್ತದೆ, ಮುಖಾಮುಖಿ ನೋಡಲೇಬೇಕಾದರೆ ಜಿಲ್ಲೆಯ ಆಸ್ಪತ್ರೆಗೆ ಸೂಚನೆ ಸಿಗುತ್ತದೆ. ಮೊದಲ ಎರಡು ವರ್ಷಗಳಲ್ಲಿ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಕರೆಗಳು ಬಂದವು. ಶೇಗಾಂವದ ಮನೆಯಿಂದ ಒತ್ತುವ 14416ಕ್ಕೂ ಮುಂಬಯಿಯ ಮನೆಯಿಂದ ಒತ್ತುವ 14416ಕ್ಕೂ ಬೆಲೆ ಒಂದೇ ಎನ್ನುವುದು ಈ ಯೋಜನೆಯ ದೊಡ್ಡ ಗುಣ.

ಸರ್ಕಾರಿ ಸೇವೆಯ ಹೊರಗೆ, ಮನೆಯಲ್ಲೇ ಕುಳಿತು ಸ್ವಂತವಾಗಿ ಅಥವಾ ಸಂಸ್ಥೆಯೊಂದರ ಪರವಾಗಿ ದೂರ ಆಪ್ತಸಮಾಲೋಚನೆ ನಡೆಸುವವರ ಸಂಖ್ಯೆಯೂ ಬೆಳೆದಿದೆ. ಇಲ್ಲಿ ಪರವಾನಗಿಯ ಪ್ರಶ್ನೆ ಏಳುತ್ತದೆ. ಹೋಲಿಕೆಗೆ ಮೊದಲು ಅಮೆರಿಕವನ್ನು ನೋಡಬಹುದು. ಅಮೆರಿಕದಲ್ಲಿ ಆಪ್ತಸಮಾಲೋಚಕರ ಪರವಾನಗಿಯನ್ನು ಪ್ರತಿಯೊಂದು ರಾಜ್ಯ ಬೇರೆಬೇರೆಯಾಗಿ ಕೊಡುತ್ತದೆ. 1976ರಲ್ಲಿ ವರ್ಜೀನಿಯಾ ಮೊದಲು ಕಾನೂನು ಮಾಡಿತು, 2009ರಲ್ಲಿ ಕ್ಯಾಲಿಫೋರ್ನಿಯಾ ಕೊನೆಗೆ ಮಾಡಿತು. ಅಲ್ಲಿ ನಿಯಮ ಬಿಗಿ: ಮಾತನಾಡುವ ಹೊತ್ತಿಗೆ ಎದುರಿನವರು ಯಾವ ರಾಜ್ಯದಲ್ಲಿ ಇರುತ್ತಾರೋ ಆ ರಾಜ್ಯದ ಪರವಾನಗಿ ಇರಬೇಕು. ಈ ತೊಡಕು ಬಿಡಿಸಲು ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಸೇರಿ ಒಪ್ಪಂದವೊಂದನ್ನು ಮಾಡಿಕೊಂಡಿವೆ. ಅಮೆರಿಕದಲ್ಲಿ ನೆಲೆಸಿ ಈ ವೃತ್ತಿ ಮಾಡುವ ಕನ್ನಡಿಗರು ಪಕ್ಕದ ರಾಜ್ಯಕ್ಕೆ ಮನೆ ಬದಲಿಸಿದವರ ಜೊತೆ ಮಾತು ಮುಂದುವರಿಸಬೇಕಾದರೂ ಈ ನಿಯಮವನ್ನು ನೋಡಿಕೊಳ್ಳಬೇಕು.

ಭಾರತದ ಸ್ಥಿತಿ ಹೆಚ್ಚುಕಡಿಮೆ ಇದಕ್ಕೆ ತಿರುವುಮುರುವು. ಇಲ್ಲಿ ‘ಆಪ್ತಸಮಾಲೋಚಕ’ ಎಂಬ ಹೆಸರಿಗೆ ಒಂದೇ ಒಂದು ಪರವಾನಗಿ ಇಲ್ಲ. 1992ರ ಕಾಯ್ದೆಯಂತೆ ಸ್ಥಾಪನೆಯಾದ ಭಾರತೀಯ ಪುನರ್ವಸತಿ ಪರಿಷತ್ತು ಕ್ಲಿನಿಕಲ್ ಸೈಕಾಲಜಿಸ್ಟರನ್ನೂ ಪುನರ್ವಸತಿ ಮನಃಶಾಸ್ತ್ರಜ್ಞರನ್ನೂ ಕೇಂದ್ರ ರಿಜಿಸ್ಟರಿನಲ್ಲಿ ದಾಖಲಿಸುತ್ತದೆ. ಆ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ. ನೋಂದಣಿಯಿಲ್ಲದೆ ಆ ವೃತ್ತಿ ನಡೆಸುವುದು ಶಿಕ್ಷಾರ್ಹ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟರು, ಮಾನಸಿಕ ಆರೋಗ್ಯದ ನರ್ಸುಗಳು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿಯೂ ಹೆಸರು ನೋಂದಾಯಿಸಬೇಕು. ಆದರೆ ಎಂ.ಎ. ಅಥವಾ ಎಂ.ಎಸ್‌ಸಿ. ಓದಿ ಆಪ್ತಸಮಾಲೋಚನೆ ಮಾಡುವ ಬಹುಪಾಲು ಜನ ಈ ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. ಅವರನ್ನು ಒಳಗೊಳ್ಳುವ ಪ್ರಯತ್ನವೆಂದರೆ 2021ರ ರಾಷ್ಟ್ರೀಯ ಸಂಲಗ್ನ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯ್ದೆ. ನಡವಳಿಕೆ ಆರೋಗ್ಯದ ವೃತ್ತಿಗಳ ಸಾಲಿನಲ್ಲಿ ಆಪ್ತಸಮಾಲೋಚಕರನ್ನು ಅದು ಹೆಸರಿಸಿದೆ. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಒಂದು ವಾರದ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟು ಹಿಡಿದವರೂ, ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕಲಿತವರೂ ಮೊಬೈಲಿನ ಪರದೆಯ ಮೇಲೆ ಒಂದೇ ಹೆಸರಿನಿಂದ ಕಾಣಿಸಿಕೊಳ್ಳುವುದು ನೊಂದವರಿಗೆ ಬಗೆಯುವ ದ್ರೋಹ. ಹೀಗಾಗಿ ಹಣ ಕೊಡುವ ಮುಂಚೆ ಓದು ಏನು, ನೋಂದಣಿ ಸಂಖ್ಯೆ ಯಾವುದು, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಸಂಕೋಚಪಡಬೇಕಾಗಿಲ್ಲ, ಒಳ್ಳೆಯ ಆಪ್ತಸಮಾಲೋಚಕರು ಕೇಳುವ ಮೊದಲೇ ಹೇಳುತ್ತಾರೆ.

ಒಟ್ಟಿನಲ್ಲಿ ಕಾನೂನಿನ ದೃಷ್ಟಿಯಿಂದ ಬೆಂಗಳೂರಿನಲ್ಲೋ ವಿಜಯಪುರದಲ್ಲೋ ಕುಳಿತ ನೋಂದಾಯಿತ ಮನಃಶಾಸ್ತ್ರಜ್ಞೆ ಶೇಗಾಂವದ ಕನ್ನಡಿಗನ ಜೊತೆ ಮಾತನಾಡಲು ದೊಡ್ಡ ಅಡ್ಡಿಯಿಲ್ಲ. ನೋಂದಣಿ ಗಡಿ ದಾಟುತ್ತದೆ. ಅದರ ಜೊತೆಗೆ ದಾಟಲೇಬೇಕಾದವು ಸ್ಥಳೀಯ ತಿಳಿವಳಿಕೆ, ಆಡುಮಾತಿನ ಪರಿಚಯ ಮತ್ತು ತುರ್ತಿನಲ್ಲಿ ಹತ್ತಿರದಿಂದ ಬರುವ ಒಂದು ಕೈ. ಇವು ನೋಂದಣಿಯೊಡನೆ ತಾವಾಗಿ ಬರುವುದಿಲ್ಲ, ಸಿದ್ಧತೆ ಮಾಡಿಕೊಂಡೇ ಪಡೆಯಬೇಕು.

ಮೊದಲ ಕರೆಯಲ್ಲೇ ಈ ಸಿದ್ಧತೆ ಶುರುವಾಗುತ್ತದೆ. ಹೆಸರು, ವಯಸ್ಸು ಆದಮೇಲೆ ಈಗ ಎಲ್ಲಿದ್ದೀರಿ ಎಂದು ಕೇಳಬೇಕು: ಊರು, ವಸ್ತಿ, ಮನೆಯ ಹತ್ತಿರದ ಗುರುತು. ಜತ್ತದ ಕಡೆ ಬಹಳ ಕುಟುಂಬಗಳು ಊರೊಳಗಿಲ್ಲದೆ ಹೊಲದ ವಸ್ತಿಯಲ್ಲಿರುತ್ತವೆ; ಊರಿನ ಹೆಸರು ಗೊತ್ತಾದ ಮಾತ್ರಕ್ಕೆ ಮನೆ ಸಿಗುವುದಿಲ್ಲ. ಕರೆ ನಡುವೆ ಕಡಿದುಹೋದರೆ ಯಾರು ಯಾರಿಗೆ ಮತ್ತೆ ಫೋನು ಮಾಡಬೇಕೆಂದು ಆಗಲೇ ನಿಶ್ಚಯಿಸಿಕೊಳ್ಳಬೇಕು. ಗೋಪ್ಯತೆಯ ಮಾತನ್ನೂ ಮೊದಲೇ ಹೇಳಬೇಕು. ಹೇಳಿದ್ದನ್ನು ಹೊರಗೆ ಹೇಳುವುದಿಲ್ಲವೆಂಬ ಭರವಸೆಯನ್ನು 2017ರ ಕಾಯ್ದೆಯೇ ಕೊಟ್ಟಿದೆ; ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಉಳಿಯುವ ಮಾಹಿತಿಗೂ ಅದು ಅನ್ವಯಿಸುತ್ತದೆ. ಆದರೆ ಪ್ರಾಣಕ್ಕೆ ಅಪಾಯವಿದ್ದಾಗ, ಬೇರೊಬ್ಬರಿಗೆ ಹಾನಿಯಾಗುವಂತಿದ್ದಾಗ ಈ ಗೋಪ್ಯತೆಗೆ ಮಿತಿಯಿದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಇಷ್ಟನ್ನು ನೇರವಾಗಿ ಹೇಳಿ, ಒಪ್ಪಿಗೆ ಪಡೆದು ಮುಂದೆ ಹೋಗುವುದು ಸರಿಯಾದ ಕ್ರಮ. ಮಾತನ್ನು ಧ್ವನಿಮುದ್ರಣ ಮಾಡುವಂತಿದ್ದರೆ ಅದಕ್ಕೆ ಬೇರೆಯಾಗಿಯೇ ಒಪ್ಪಿಗೆ ಕೇಳಬೇಕು.

ನಗರದವರ ಕಲ್ಪನೆಗೆ ಬಾರದ ತೊಡಕು ಏಕಾಂತದ್ದು. ಎರಡು ಕೋಣೆಯ ಮನೆಯಲ್ಲಿ ಅತ್ತೆ, ಮಾವ, ಮೈದುನ, ಮಕ್ಕಳು. ಫೋನು ಗಂಡನದು ಅಥವಾ ಮಗನದು. ಸೊಸೆ ಯಾರ ಜೊತೆ ಅರ್ಧ ಗಂಟೆ ಮಾತನಾಡಿದಳೆಂದು ಸಂಜೆ ವಿಚಾರಣೆ ನಡೆಯುತ್ತದೆ. ಕರೆಯ ಪಟ್ಟಿಯಲ್ಲಿ ಉಳಿಯುವ ಸಂಖ್ಯೆಯೂ ಅವಳ ಪಾಲಿಗೆ ಅಪಾಯವಾಗಬಹುದು. ಈ ಕಾರಣಕ್ಕೆ ಅನುಭವವಿರುವ ಆಪ್ತಸಮಾಲೋಚಕರು ಮೊದಲು ಕೇಳುವುದು, ‘ನೀವ ಒಬ್ಬಾರ ಅದೀರೇನ್ರಿ? ಬಾಜೂಕ ಯಾರರ ಅದಾರ?’ ಎಂದು. ಯಾರಾದರೂ ಇದ್ದರೆ ‘ಹೂಂ’, ‘ಇಲ್ಲ’ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳಿಗೆ ಬದಲಿಸಿಕೊಳ್ಳುತ್ತಾರೆ. ಮಾತು ನಿಲ್ಲಿಸಬೇಕೆನ್ನುವುದಕ್ಕೆ ಇಬ್ಬರೂ ಒಪ್ಪಿದ ಒಂದು ಗುರುತಿನ ಮಾತು ಇಟ್ಟುಕೊಳ್ಳುತ್ತಾರೆ. ‘ಹಾಲಿನಾಂವ ಬಂದಾನ’ ಎಂದರೆ ಸಾಕು, ಕರೆ ಅಲ್ಲಿಗೆ ಮುಗಿಯುತ್ತದೆ. ಹೊಲದ ಬದು, ಬಾವಿಯ ಮೋಟಾರು ಮನೆ, ಗುಡಿಯ ಕಟ್ಟೆ, ಸಾಧ್ಯವಾದರೆ ಆಶಾ ಕಾರ್ಯಕರ್ತೆಯ ಮನೆ, ಹೀಗೆ ಮಾತಿಗೆ ಒಂದು ಜಾಗವನ್ನು ಕೂಡಿಯೇ ಹುಡುಕಬೇಕಾಗುತ್ತದೆ. ವಾರಕ್ಕೊಂದು ಸಲ ಆರೋಗ್ಯ ಉಪಕೇಂದ್ರದ ಒಂದು ಕೋಣೆಯನ್ನು ಗಂಟೆ ಹೊತ್ತು ಬಿಟ್ಟುಕೊಟ್ಟರೂ ಇಂಥ ಎಷ್ಟೋ ಹೆಣ್ಣುಮಕ್ಕಳಿಗೆ ಅದು ದೊಡ್ಡ ಉಪಕಾರ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ.

ವಿಡಿಯೋ ಇದ್ದರೆ ಮುಖ ಕಾಣುತ್ತದೆ, ನಿಜ. ಆದರೆ ನೆಟ್‌ವರ್ಕ್ ದುರ್ಬಲವಾಗಿರುವ ಕಡೆ ನಿಂತು ನಿಂತು ಬರುವ ಚಿತ್ರಕ್ಕಿಂತ ತಡೆಯಿಲ್ಲದ ದನಿ ಮೇಲು. ಗಡಿಯಂಚಿನಲ್ಲಿ ಫೋನು ಒಮ್ಮೊಮ್ಮೆ ಆಚೆ ರಾಜ್ಯದ ಟವರನ್ನೂ ಹಿಡಿಯುತ್ತದೆ. ಮುಖ ಕಾಣದಿರುವುದೇ ಕೆಲವರಿಗೆ ಧೈರ್ಯ ಕೊಡುತ್ತದೆ. ಎದುರು ಕುಳಿತರೆ ತುಟಿ ಬಿಚ್ಚದ ಗಂಡಸರು ಫೋನಿನಲ್ಲಿ ಅಳುವುದುಂಟು. ಇಲ್ಲಿ ಕಿವಿಯೇ ಕಣ್ಣಿನ ಕೆಲಸ ಮಾಡಬೇಕು. ಉಸಿರಿನ ಗತಿ, ಮಾತಿನ ನಡುವಿನ ಅಂತರ, ಉತ್ತರ ಬರುವುದಕ್ಕೆ ಹಿಡಿಯುವ ಹೊತ್ತು, ಹಿಂದೆ ಕೇಳುವ ಸದ್ದು, ನಾಲಿಗೆಯ ತೊದಲು, ಇವೆಲ್ಲವೂ ಲಕ್ಷಣಗಳು. ಮೌನ ಬಂದಾಗ ಗಾಬರಿಯಾಗಿ ತುಂಬಬಾರದು. ಆದರೆ ಫೋನಿನಲ್ಲಿ ಮೌನ ದೀರ್ಘವಾದರೆ ಕರೆ ಕಡಿದುಹೋಯಿತೆಂಬ ಶಂಕೆ ಹುಟ್ಟುತ್ತದೆ. ‘ನಾ ಇಲ್ಲೇ ಅದೀನ್ರಿ, ಸಾವಕಾಶ ಹೇಳ್ರಿ’ ಎಂದು ಆಗಾಗ ತಿಳಿಸುತ್ತಿರಬೇಕು.

ಮನಸ್ಸಿನ ನೋವನ್ನು ಈ ಸೀಮೆಯ ಜನ ಬಹುಮಟ್ಟಿಗೆ ಮೈಯ ನೋವಾಗಿ ಹೇಳುತ್ತಾರೆ. ನಿದ್ದಿ ಹತ್ತಂಗಿಲ್ಲ, ಎದಿ ಡವಡವ ಅಂತೈತಿ, ಕೈಕಾಲಾಗ ಬಲಾನ ಇಲ್ಲ, ತಲಿ ಭಾರ ಆಗೈತಿ ಎಂದು ಶುರುವಾದ ಮಾತು ಹತ್ತು ನಿಮಿಷದ ಮೇಲೆ ಸಾಲದ ಕಡೆಗೋ, ಮಗನ ಕುಡಿತದ ಕಡೆಗೋ, ತೀರಿಹೋದ ಹೆಂಡತಿಯ ಕಡೆಗೋ ತಿರುಗುತ್ತದೆ. ಖಿನ್ನತೆ ಎಂಬ ಪುಸ್ತಕದ ಮಾತನ್ನು ಮುಂದಿಟ್ಟರೆ ಮಾತು ಅಲ್ಲಿಗೇ ನಿಲ್ಲಬಹುದು. ಖಿನ್ನತೆಯನ್ನು ಅಳೆಯಲು ಪಿಎಚ್‌ಕ್ಯು–9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ, ಕನ್ನಡದಲ್ಲಿಯೂ ಇದೆ. ಅದನ್ನು ಓದಿ ಹೇಳುವುದಕ್ಕಿಂತ, ಅದೇ ಒಂಬತ್ತು ಸಂಗತಿಗಳನ್ನು ಆಡುಮಾತಿನಲ್ಲಿ ಒಂದೊಂದಾಗಿ ವಿಚಾರಿಸಿ, ಎಷ್ಟು ದಿನ ಹೀಗಾಯಿತೆಂದು ಗುರುತು ಹಾಕಿಕೊಳ್ಳುವುದು ಹಳ್ಳಿಯ ಕರೆಗಳಲ್ಲಿ ಫಲ ಕೊಡುತ್ತದೆ. ಜೀವಕ್ಕ ಬ್ಯಾಸರ ಬಂದೈತಿ ಎಂದು ಯಾರಾದರೂ ಅಂದರೆ ಅದು ದಣಿವಿನ ಮಾತೋ, ಸಾಯುವ ಯೋಚನೆಯೋ ಎಂದು ಊಹಿಸಿ ಬಿಡುವಂತಿಲ್ಲ. ಸಾಯಬೇಕು ಎಂದು ಅನ್ನಿಸಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಲೇಬೇಕು. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳಿದವರು ಒಬ್ಬರಾದರೂ ಇದ್ದರಲ್ಲ ಎಂದು ಹೆಚ್ಚಿನವರು ಹಗುರಾಗುತ್ತಾರೆ.

ಉತ್ತರ ಹೌದೆಂದು ಬಂದರೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಯೋಚನೆ ಎಷ್ಟು ಸಲ ಬರುತ್ತದೆ, ಹೇಗೆಂದು ಯೋಜಿಸಿದ್ದಾರೆಯೇ, ಸಾಧನ ಕೈಗೆ ಸಿಗುವಂತಿದೆಯೇ, ಮನೆಯಲ್ಲಿ ಯಾರಿದ್ದಾರೆ ಎಂದು ತಿಳಿಯಬೇಕು. ದ್ರಾಕ್ಷಿ, ದಾಳಿಂಬೆ ಬೆಳೆಯುವ ಮನೆಗಳಲ್ಲಿ ಹೊಲಕ್ಕೆ ಹೊಡೆಯುವ ಎಣ್ಣಿ, ಎಂದರೆ ಕೀಟನಾಶಕ, ಮನೆಯೊಳಗೇ ಇರುತ್ತದೆ. ಸಂಕಟದ ಅಲೆ ಬಹಳ ಸಲ ಕೆಲವು ಗಂಟೆಗಳದ್ದು. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಎಟುಕದಿದ್ದರೆ ಜೀವ ಉಳಿಯುತ್ತದೆ. ಆದ್ದರಿಂದ ಕೀಟನಾಶಕದ ಡಬ್ಬಿಗಳನ್ನು ಬೀಗದ ಪೆಟ್ಟಿಗೆಯಲ್ಲಿ ಇಡುವುದು, ಕೀಲಿಯನ್ನು ಬೇರೊಬ್ಬರ ಕೈಗೆ ಕೊಡುವುದು, ಸಾಧ್ಯವಾದರೆ ಕೆಲವು ದಿನ ನೆರೆಯವರ ಮನೆಯಲ್ಲಿ ಇರಿಸುವುದು ಮೊದಲ ಕೆಲಸ. ಇದನ್ನು ಮನೆಯವರೊಬ್ಬರ ಜೊತೆ ಮಾತನಾಡಿ ಅದೇ ದಿನ ಮಾಡಿಸಬೇಕು. ಮುಂದೆ ಆ ಯೋಚನೆ ಮತ್ತೆ ಬಂದರೆ ಯಾವ ಲಕ್ಷಣದಿಂದ ಗುರುತಿಸಬೇಕು, ತಾವೇ ಏನು ಮಾಡಬಹುದು, ಯಾರ ಮನೆಗೆ ಹೋಗಬಹುದು, ಯಾರಿಗೆ ಫೋನು ಮಾಡಬೇಕು ಎಂದು ಸುರಕ್ಷಾ ಯೋಜನೆಯೊಂದನ್ನು ಕೂಡಿ ಸಿದ್ಧಮಾಡಬೇಕು. ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸು ಹಾಕುತ್ತಾರೆಂಬ ಹೆದರಿಕೆ ಇನ್ನೂ ಉಳಿದಿದೆ. 2017ರ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಬೇಕೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೆಯ ಕಲಮೂ ಇಲ್ಲ. ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ತಡಮಾಡುವ ಕಾರಣ ಯಾರಿಗೂ ಉಳಿದಿಲ್ಲ.

ತುರ್ತಿನಲ್ಲಿ ಗಡಿಯ ತೊಡಕು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. 108ರ ಆಂಬುಲೆನ್ಸ್, 112ರ ಪೊಲೀಸ್ ನೆರವು ಎರಡೂ ರಾಜ್ಯಗಳಲ್ಲಿವೆ. ಆದರೆ ಬೆಂಗಳೂರಿನಲ್ಲಿ ಕುಳಿತು 112 ಒತ್ತಿದರೆ ಉತ್ತರಿಸುವುದು ಕರ್ನಾಟಕದ ನಿಯಂತ್ರಣ ಕೊಠಡಿ. ಜತ್ತ ತಾಲ್ಲೂಕಿನ ವಸ್ತಿಯೊಂದಕ್ಕೆ ಅಲ್ಲಿಂದ ಗಾಡಿ ಕಳಿಸುವಂತಿಲ್ಲ. ಆ ಹೊತ್ತಿನಲ್ಲಿ ಸಂಖ್ಯೆ ಹುಡುಕುತ್ತ ಕೂರುವ ಪ್ರತಿ ನಿಮಿಷವೂ ದುಬಾರಿ. ಹೀಗಾಗಿ ದೂರದಿಂದ ಕೆಲಸ ಮಾಡುವವರು ಪ್ರತಿಯೊಬ್ಬರ ಕಡತದ ಮೊದಲ ಹಾಳೆಯಲ್ಲೇ ಜತ್ತದ ಗ್ರಾಮೀಣ ಆಸ್ಪತ್ರೆ, ಆ ಊರಿಗೆ ಸಂಬಂಧಿಸಿದ ಪೊಲೀಸ್ ಠಾಣೆ, ಊರಿನ ಆಶಾ ಕಾರ್ಯಕರ್ತೆ ಮತ್ತು ಕರೆ ಮಾಡಿದವರೇ ಹೆಸರಿಸಿದ ನಂಬಿಕಸ್ಥ ನೆರೆಯವರು, ಇವರೆಲ್ಲರ ಪೂರ್ಣ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಂಡಿರಬೇಕು. ಆಸ್ಪತ್ರೆಯವರ ಜೊತೆ ಮಾತನಾಡುವಷ್ಟು ಮರಾಠಿಯೋ ಹಿಂದಿಯೋ ಬರಬೇಕು, ಇಲ್ಲವೇ ಬಲ್ಲವರು ಜೊತೆಗಿರಬೇಕು. ತುರ್ತಿನಲ್ಲಿ ಮೊದಲು ತಲುಪುವುದು ಬಹಳ ಸಲ ಪಕ್ಕದ ಮನೆಯವರೇ. ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳು ಗಡಿ ತಾಲ್ಲೂಕುಗಳ ಇಂಥ ಸಂಖ್ಯೆಗಳನ್ನು ಒಂದು ಪಟ್ಟಿಯಾಗಿ ಪರಸ್ಪರ ಹಂಚಿಕೊಂಡರೆ ಎಷ್ಟೋ ಹೊತ್ತು ಉಳಿಯುತ್ತದೆ. ಗಡಿ ವಿವಾದ ನ್ಯಾಯಾಲಯದಲ್ಲಿ ಎಷ್ಟು ವರ್ಷವಾದರೂ ನಡೆಯಲಿ, ಈ ಪಟ್ಟಿ ಅದಕ್ಕಾಗಿ ಕಾಯಬೇಕಾಗಿಲ್ಲ.

ಅಪಾಯ ಕಳೆದ ಮೇಲೆ ನಡೆಯುವ ಚಿಕಿತ್ಸೆ ಸದ್ದಿಲ್ಲದ, ನಿಧಾನದ ಕೆಲಸ. ಖಿನ್ನತೆಗೆ ಸರಳವಾದ, ಪರೀಕ್ಷೆಗೆ ಒಳಪಟ್ಟ ವಿಧಾನವೊಂದು ಗೋವಾದಲ್ಲಿ ರೂಪುಗೊಂಡಿತು. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು, ಮನಃಶಾಸ್ತ್ರ ಓದಿರದ ಸ್ಥಳೀಯ ಜನರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳಲ್ಲಿ ಮುಗಿಯುವ ಆಪ್ತಸಮಾಲೋಚನೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದರು. ಅದರ ಒಳ್ಳೆಯ ಫಲ 2017ರಲ್ಲಿ ಪ್ರಕಟವಾಯಿತು. ಅದರ ತಿರುಳು ಇಷ್ಟು: ಮನಸ್ಸು ಸರಿಯಾದ ಮೇಲೆ ಕೆಲಸಕ್ಕೆ ಏಳುವುದೆಂದು ಕಾಯದೆ, ಚಿಕ್ಕಚಿಕ್ಕ ಕೆಲಸಗಳಿಂದ ಮನಸ್ಸನ್ನೇ ಏಳಿಸುವುದು. ಬೆಳಿಗ್ಗೆ ಎದ್ದು ದನಕ್ಕೆ ಮೇವು ಹಾಕುವುದು, ಎರಡು ತಿಂಗಳಿಂದ ಹೋಗದ ಗೆಳೆಯನ ಮನೆಗೆ ಹೋಗಿಬರುವುದು, ಸೊಸೈಟಿಯ ಸಾಲದ ಕಾಗದವನ್ನು ಒಬ್ಬರೇ ನೋಡಿ ಹೆದರುವ ಬದಲು ತಿಳಿದವರ ಜೊತೆ ಕೂತು ಓದುವುದು. ಇದನ್ನು ಫೋನಿನಲ್ಲಿ ಚೆನ್ನಾಗಿ ನಡೆಸಬಹುದು. ಸಾಲ, ನೀರು, ಬೆಳೆಯ ಬೆಲೆ ಆಪ್ತಸಮಾಲೋಚನೆಯಿಂದ ಬಗೆಹರಿಯುವುದಿಲ್ಲ ಎಂಬುದನ್ನೂ ಒಪ್ಪಬೇಕು. ಆ ಕಷ್ಟಗಳನ್ನು ಮನಸ್ಸಿನ ದೌರ್ಬಲ್ಯವೆಂದು ಹೇಳುವ ಆಪ್ತಸಮಾಲೋಚನೆ ತಪ್ಪು ಆಪ್ತಸಮಾಲೋಚನೆ. ಸರ್ಕಾರದ ಯೋಜನೆ, ಬ್ಯಾಂಕು, ಕಾನೂನು ನೆರವಿನ ದಾರಿ ತೋರಿಸುವುದೂ ಕೆಲಸದ ಭಾಗವೇ.

ಎಲ್ಲ ಸ್ಥಿತಿಗೂ ಫೋನು ಸಾಲದು. ಇಲ್ಲದ ದನಿ ಕೇಳುವವರು, ವಿಪರೀತ ಸಂಶಯದಲ್ಲಿರುವವರು, ಊಟ ನೀರು ಬಿಟ್ಟವರು, ಕುಡಿತ ಒಮ್ಮೆಲೇ ನಿಲ್ಲಿಸಿ ಮೈ ನಡುಗುತ್ತಿರುವವರು, ಹೆರಿಗೆಯಾದ ಕೆಲವೇ ದಿನಕ್ಕೆ ಮತಿ ತಪ್ಪಿದ ತಾಯಂದಿರು, ಇವರನ್ನು ವೈದ್ಯರು ನೇರವಾಗಿ ನೋಡಬೇಕು, ಅದೂ ಬೇಗ. ಮೊದಲು ಮಾಟಮಂತ್ರ ಬಿಡಿಸುವ ದೇವರ್ಷಿಯ ಬಳಿಗೆ, ದರ್ಗಾಕ್ಕೆ ಹೋಗಿಬಂದವರೂ ಇರುತ್ತಾರೆ. ಅವರ ಭಕ್ತಿಯನ್ನು ಹಳಿದರೆ ಮಾತು ಮುರಿಯುತ್ತದೆ. ದೇವರ ಹರಕೆಯ ಜೊತೆಗೇ ಗುಳಿಗೆಯನ್ನೂ ತಪ್ಪದೆ ತೆಗೆದುಕೊಳ್ಳಿ ಎನ್ನುವುದು ರೋಗಿಗೆ ಹಿತ. ಹೊಡೆಯುವುದು, ಕಟ್ಟಿಹಾಕುವುದು ನಡೆದಿದ್ದರೆ ಮಾತ್ರ ಅದನ್ನು ತಡೆಯಲೇಬೇಕು.

ದೂರದಿಂದ ಈ ಕೆಲಸ ಮಾಡುವವರ ಬದುಕಿನ ಬಗ್ಗೆ ಕಡಿಮೆ ಮಾತು ನಡೆಯುತ್ತದೆ. ಆಸ್ಪತ್ರೆಯಲ್ಲಿ ಕಷ್ಟದ ಭೇಟಿಯೊಂದು ಮುಗಿದರೆ ಪಕ್ಕದ ಕೋಣೆಯ ಸಹೋದ್ಯೋಗಿಯ ಜೊತೆ ಎರಡು ಮಾತಾಡಬಹುದು. ಮನೆಯಲ್ಲಿ ಕುಳಿತವರಿಗೆ ಹೆಡ್‌ಫೋನ್ ತೆಗೆದೊಡನೆ ಕಾಣುವುದು ತಮ್ಮದೇ ಅಡುಗೆಮನೆ. ಕೇಳಿದ್ದನ್ನು ಮನೆಯವರಿಗೆ ಹೇಳುವಂತಿಲ್ಲ. ಅದಕ್ಕೇ ವಾರಕ್ಕೊಮ್ಮೆಯಾದರೂ ಹಿರಿಯರ ಮೇಲ್ವಿಚಾರಣೆಯಲ್ಲಿ ಹೆಸರು ಮರೆಸಿ ಚರ್ಚಿಸುವ ಏರ್ಪಾಡು ಇರಬೇಕು. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಕೆಲಸಕ್ಕೇ ಮೀಸಲಾದ ಸಿಮ್ಮು, ಬೀಗವಿರುವ ಕಡತ, ಎರಡು ಕರೆಗಳ ನಡುವೆ ಬಿಡುವು, ರಾತ್ರಿ ಎಷ್ಟು ಹೊತ್ತಿನವರೆಗೆ ಸಿಗುತ್ತೇವೆಂಬ ಸ್ಪಷ್ಟ ಮಾತು ಅವರಿಗೆ ಅವಶ್ಯ. ತಾವು ಸಿಗದ ಹೊತ್ತಿಗೆ 14416 ಇದೆಯೆಂದು ಮೊದಲೇ ತಿಳಿಸಿರಬೇಕು. ಸಹಾಯವಾಣಿಗಳಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ತಕ್ಕ ಸಂಬಳ, ಖಾಯಂ ಕೆಲಸ, ರಜೆ ಸಿಗದಿದ್ದರೆ ಅನುಭವಿಗಳು ಉಳಿಯುವುದಿಲ್ಲ. ಹೊಸಬರು ಮತ್ತೆ ಮೊದಲಿನಿಂದ ಕಲಿಯುವ ಹೊತ್ತಿನ ನಷ್ಟವನ್ನು ಕರೆ ಮಾಡಿದವರು ಹೊರಬೇಕಾಗುತ್ತದೆ.

ಜತ್ತದ ಕಡೆ ದೂರ ಆಪ್ತಸಮಾಲೋಚನೆಯ ಬಹುದೊಡ್ಡ ಉಪಯೋಗ ಸುಗ್ಗಿಯ ವಲಸೆಯಲ್ಲಿದೆ. ಕೂಲಿಕಾರರನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ಪಡೆದ ಕುಟುಂಬಗಳು ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಕಾರ್ಖಾನೆಗಳ ಕಡೆಗೆ ಹೋಗಿ ಬೇಸಿಗೆಯ ಹೊತ್ತಿಗೆ ಮರಳುತ್ತವೆ. ಆಸ್ಪತ್ರೆಯ ಚಿಕಿತ್ಸೆ ಆಗ ನಿಂತುಹೋಗುತ್ತದೆ, ಫೋನಿನದು ನಿಲ್ಲಬೇಕಾಗಿಲ್ಲ. ಹೋಗುವ ಮುಂಚೆ ಯಾವ ಕಾರ್ಖಾನೆ, ಯಾವ ತಾಲ್ಲೂಕು, ಕೆಲಸ ಮುಗಿಯುವುದು ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು, ಅಲ್ಲಿನ ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು ಗುರುತಿಸಿ, ಗುಳಿಗೆ ನಡೆಯುತ್ತಿದ್ದರೆ ವೈದ್ಯರ ಚೀಟಿಯ ಒಂದು ಪ್ರತಿಯನ್ನು ಅವರ ಕೈಯಲ್ಲೇ ಕೊಡಿಸಬೇಕು. ಗುಣ ಕಂಡ ಮೇಲೆ ಕರೆಗಳನ್ನು ವಾರದಿಂದ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಇಳಿಸುತ್ತ ಬರುತ್ತಾರೆ. ಕೊನೆಯ ಕರೆಯಲ್ಲಿ ಏನು ಬದಲಾಯಿತು, ಯಾವುದು ನೆರವಾಯಿತು, ಯಾವ ಲಕ್ಷಣ ಕಂಡರೆ ಮತ್ತೆ ಫೋನು ಮಾಡಬೇಕು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ, ದಾಖಲೆಯಲ್ಲಿ ಬರೆದು, ಆ ಕಡತವನ್ನು ಮುಚ್ಚಲಾಗುತ್ತದೆ. ಮತ್ತೆ ಬೇಕಾದಾಗ ಅದೇ ಸಂಖ್ಯೆಗೆ ಕರೆ ಮಾಡಿದರೆ ಅದೇ ಕಡತದಿಂದ ಮಾತು ಮುಂದುವರಿಯುತ್ತದೆ.